ಅಳಿಯ ಇಲ್ಲಿ ವಾಸವಿಲ್ಲ

ಗಲ್ಫಿನಿಂದ ಅಳಿಯ ರಜೆಯಲ್ಲಿ ಬಂದನೆಂದರೆ ಕಾಪು ಕಡೆಯ ಬ್ಯಾರಿ ಮನೆಗಳಲ್ಲಿ ಮೊದಲ ವಾರ ಕೋಳಿಗಳಿಗೆ ಉಳಿಗಾಲವಿಲ್ಲ. ಅಲಿಯಬ್ಬನವರ ಮನೆಯಲ್ಲಿ ಅದು ಎರಡು ವಾರ ನಡೆಯುತ್ತಿತ್ತು. ಒಬ್ಬಳೇ ಮಗಳು ಉಮೈರಾ, ಒಬ್ಬನೇ ಅಳಿಯ ರಮೀಝ್. ಎರಡು ವರ್ಷಕ್ಕೊಮ್ಮೆ ನಲವತ್ತು ದಿನಕ್ಕೆ ಬರುವವನಿಗೆ ಅಷ್ಟೂ ಮಾಡದಿದ್ದರೆ ಹೇಗೆ? ಅತ್ತೆ ರಾಬಿಯಾ ಬೆಳಿಗ್ಗೆ ಐದಕ್ಕೆ ಎದ್ದು ಅಕ್ಕಿ ಹಿಟ್ಟಿನ ಪತ್ತಿರ್ ರೊಟ್ಟಿ ತಟ್ಟಲು ಕೂತರೆ ಎದ್ದೇಳುವಾಗ ಸೊಂಟ ಹಿಡಿದುಕೊಳ್ಳುತ್ತಿತ್ತು. ಆದರೂ ಮುಖದಲ್ಲಿ ನಗು.

ಅವರ ಮನೆತನದಲ್ಲಿ ಮದುವೆಯಾದ ಹೆಣ್ಣು ತಾಯಿಮನೆ ಬಿಡುವುದಿಲ್ಲ, ಗಂಡನೇ ಬಂದು ಹೋಗುವುದು. ಅವನಿಗೆಂದೇ ಒಂದು ಕೋಣೆ, ಅವನಿಗೆಂದೇ ಹೂವಿನ ಚಿತ್ರದ ಪಿಂಗಾಣಿ ತಟ್ಟೆ. ಎಷ್ಟು ವರ್ಷವಾದರೂ ಅವನು ಪುದಿಯಾಪ್ಲೆಯೇ, ಅಂದರೆ ಹೊಸ ಮದುಮಗನೇ. ಉಂಡ ತಟ್ಟೆ ಎತ್ತುವ ಹಾಗಿಲ್ಲ, ಬಾವಿಯ ಹಗ್ಗ ಮುಟ್ಟುವ ಹಾಗಿಲ್ಲ. ಯಾರಾದರೂ ಅವನನ್ನು ‘ಮನೆಯಳಿಯ’ ಎಂದು ಬಿಟ್ಟರೆ ಮಾವನ ಮಾನವೂ ಹೋಯಿತು, ಅಳಿಯನದ್ದೂ ಹೋಯಿತು. ಈ ಮಾನ ಎನ್ನುವುದು ಎಷ್ಟು ಮನೆಗಳನ್ನು ತಿಂದು ತೇಗಿದೆಯೋ ಲೆಕ್ಕವಿಲ್ಲ.

ರಮೀಝ್ ದುಬೈಯಲ್ಲಿ ಒಂದು ಟೈಪಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದ. ಆ ಕೆಲಸ ಎಂತದ್ದು ಎಂದು ಅಲಿಯಬ್ಬ ನಾಲ್ಕು ವರ್ಷಗಳಿಂದ ಕೇಳುತ್ತಲೇ ಇದ್ದರು. ಆ ಸಲ, ಎರಡು ಸಾವಿರದ ಐದರ ಡಿಸೆಂಬರಿನಲ್ಲಿ, ಊಟಕ್ಕೆ ಕೂತಾಗ ಮತ್ತೆ ಕೇಳಿದರು.

"ಜನ ಕಾಗದ ತಂದು ಕೊಡ್ತಾರೆ ಮಾವ. ವೀಸಾದ್ದು, ಲೈಸೆನ್ಸಿದ್ದು, ಕ್ಯಾನ್ಸಲ್ ಮಾಡುವುದು. ಅಲ್ಲಿ ಕೈಯಲ್ಲಿ ಬರೆದ ಅರ್ಜಿ ನಡೆಯುವುದಿಲ್ಲ. ನಾನು ಸರಕಾರದ ಕಂಪ್ಯೂಟರಿಗೆ ಟೈಪ್ ಮಾಡಿ ಹಾಕ್ತೇನೆ. ಮೂರನೇ ದಿನ ಅವರ ಮೊಬೈಲಿಗೆ ಮೆಸೇಜ್ ಬರ್ತದೆ."

"ಸಾಹೇಬರು ನೋಡುವುದು ಯಾವಾಗ?"

"ಸಾಹೇಬರು ನೋಡಲಿಕ್ಕಿಲ್ಲ. ಕಾಗದ ಸರಿ ಇದ್ದರೆ ಆಯ್ತು."

ಅಲಿಯಬ್ಬ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಕಾಪು ಪೇಟೆಯಲ್ಲಿ ಮೂವತ್ತೆರಡು ವರ್ಷ ಜೀನಸಿನ ಅಂಗಡಿ ನಡೆಸಿದವರು ಅವರು. ಗಿರಾಕಿಯ ಮುಖ ನೋಡಿ ಕಡ ಕೊಟ್ಟವರು, ತೂಕದಲ್ಲಿ ಒಮ್ಮೆಯೂ ಮೋಸ ಮಾಡದವರು. "ಮುಖ ನೋಡದೆ ಕೊಡುವವರು ಮುಖ ನೋಡದೆ ಕಿತ್ತುಕೊಳ್ಳಲೂಬಹುದು ಮಾರಾಯ" ಎಂದರು.

"ಉಪ್ಪ, ನಿಮಗೆ ಯಾವುದೂ ಹಿಡಿಸುವುದಿಲ್ಲ" ಎಂದಳು ಉಮೈರಾ ಒಳಗಿನಿಂದ. "ಇಲ್ಲಿ ಒಂದು ರೇಷನ್ ಕಾರ್ಡಿಗೆ ಉಡುಪಿಗೆ ಆರು ಸಲ ಹೋಗಿ ಬಂದದ್ದು ಯಾರು?"

"ಆರು ಸಲ ಹೋದರೂ ಅಲ್ಲಿ ಮಾತಾಡಲಿಕ್ಕೆ ಒಬ್ಬ ಮನುಷ್ಯ ಇದ್ದ ಅಲ್ವಾ?"

ಈ ಸಲದ ರಜೆಯಲ್ಲಿ ಒಂದು ದೊಡ್ಡ ಕೆಲಸವಿತ್ತು. ಉಮೈರಾಳನ್ನು ದುಬೈಗೆ ಕರೆದುಕೊಂಡು ಹೋಗುವುದು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಗಂಡಹೆಂಡತಿ ಒಟ್ಟಿಗೆ ಕಳೆದದ್ದು ನಾಲ್ಕು ತಿಂಗಳಿಗೂ ಕಮ್ಮಿ. ದೇರಾದಲ್ಲಿ ಇನ್ನೊಂದು ಸಂಸಾರದ ಜೊತೆ ಹಂಚಿಕೊಳ್ಳುವ ಒಂದು ಕೋಣೆಯನ್ನು ಅವನು ನೋಡಿಟ್ಟಿದ್ದ. ಹೆಂಡತಿಯ ವೀಸಾಕ್ಕೆ ಅವನ ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರಿರಬೇಕು. ಹೇಗೂ ಹಳೆಯದರ ಅವಧಿ ಮುಗಿಯುತ್ತ ಬಂದಿತ್ತು. ಊರಿನಲ್ಲೇ ಹೊಸದು ಮಾಡಿಸಿ, ಹೆಂಡತಿಯ ಹೆಸರು ಸೇರಿಸಿ, ವಿಳಾಸವನ್ನೂ ಕಾಪುವಿನದ್ದೇ ಕೊಡೋಣ ಎಂದು ಅವನು ಲೆಕ್ಕ ಹಾಕಿದ. ಅಜೆಕಾರಿನ ತಂದೆಮನೆ ಪಾಲಾಗಿ ಅಣ್ಣನಿಗೆ ಹೋಗಿತ್ತು. ಅಲ್ಲಿಗೆ ಬಂದ ಕಾಗದ ಇವನಿಗೆ ತಲುಪುವುದು ಕಷ್ಟ.

ಮಗಳು ಹೋಗುವ ಮಾತು ಬಂದಾಗಲೆಲ್ಲ ಅಲಿಯಬ್ಬ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. "ನಮ್ಮಲ್ಲಿ ಹೆಣ್ಣು ಮನೆ ಬಿಟ್ಟದ್ದಿಲ್ಲ" ಎಂದು ಒಮ್ಮೆ ಹೇಳಿದರು, ಮತ್ತೆ ಹೇಳಲಿಲ್ಲ. ರಾಬಿಯಾ ಮಾತ್ರ, "ಅವಳಿಗೂ ಜೀವ ಉಂಟಲ್ಲ, ಹೋಗಲಿ" ಎನ್ನುತ್ತಿದ್ದರು.

ಅರ್ಜಿ ಕೊಟ್ಟಾಯಿತು. ಹಳೆಯ ಪಾಸ್‌ಪೋರ್ಟನ್ನು ಕಚೇರಿಯವರು ಇಟ್ಟುಕೊಂಡರು. ಮೂವತ್ತು ದಿನ ಎಂದರು. ನಂಬರೊಂದನ್ನು ಕೊಟ್ಟು, ಅದನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದರೆ ಫೈಲು ಎಲ್ಲಿ ಉಂಟು ಎಂದು ಗೊತ್ತಾಗುತ್ತದೆ ಎಂದರು. ರಮೀಝನಿಗೆ ಸಂತೋಷವಾಯಿತು. "ನೋಡಿ, ನಮ್ಮಲ್ಲೂ ಬಂತು" ಎಂದು ಮನೆಗೆ ಬಂದು ಹೇಳಿದ.

ನೆರೆಯ ಕೂಸಪ್ಪ ಬೀಡಿ ಬ್ರಾಂಚಿನ ಗುಮಾಸ್ತ, ಸಂಜೆ ಇವರ ಜಗಲಿಗೆ ಬಂದು ಕೂರುವವನು. "ಬಂದಿದೆ, ಇಲ್ಲ ಅಂತ ಇಲ್ಲ" ಎಂದ. "ನನ್ನ ಪಹಣಿಯೂ ಈಗ ಕಂಪ್ಯೂಟರಿನಲ್ಲೇ ಕೊಡುವುದು, ಹದಿನೈದೇ ರೂಪಾಯಿ. ಮೂರು ದಿನ ಹೋದೆ. ಒಂದು ದಿನ ಕರೆಂಟಿಲ್ಲ, ಒಂದು ದಿನ ಜನ ಇಲ್ಲ, ಮೂರನೇ ದಿನ ಎರಡೂ ಇತ್ತು, ಕಾಗದ ಇರಲಿಲ್ಲ."

ಎಲ್ಲರೂ ನಕ್ಕರು. ಆಗ ನಗುವ ಹಾಗಿತ್ತು.

ಜನವರಿಯ ಒಂದು ಗುರುವಾರ ರಮೀಝ್ ಮತ್ತು ಉಮೈರಾ ಅಜೆಕಾರಿಗೆ, ಅಣ್ಣನ ಮಗುವಿನ ತಲೆಗೂದಲು ತೆಗೆಯುವ ಶಾಸ್ತ್ರಕ್ಕೆ ಹೋಗಿದ್ದರು. ರಾಬಿಯಾ ಬಾಣಂತಿಯೊಬ್ಬಳನ್ನು ನೋಡಲು ಎಲ್ಲೂರಿಗೆ ಹೋಗಿದ್ದರು. ಮನೆಯಲ್ಲಿ ಅಲಿಯಬ್ಬ ಒಬ್ಬರೇ. ಹನ್ನೊಂದರ ಹೊತ್ತಿಗೆ ಪಾಸ್‌ಪೋರ್ಟಿನ ವಿಚಾರಣೆಗೆ ಠಾಣೆಯಿಂದ ಒಬ್ಬ ಕಾನ್‌ಸ್ಟೇಬಲ್ ಬೈಕಿನಲ್ಲಿ ಬಂದ. ಅಲಿಯಬ್ಬ ಕುರ್ಚಿ ಹಾಕಿದರು, ಬೆಲ್ಲ ನಿಂಬೆ ಹಾಕಿ ಪಾನಕ ಮಾಡಿ ಕೊಟ್ಟರು.

"ರಮೀಝ್ ಅನ್ನುವವರು ಇಲ್ಲಿ ವಾಸವಾ?" ಎಂದು ಅವನು ಕೇಳಿದ.

"ಇದು ನನ್ನ ಮನೆ. ರಮೀಝ್ ನನ್ನ ಅಳಿಯ. ಅವನ ಮನೆ ಅಜೆಕಾರು."

"ಹಾಗಾದರೆ ಇಲ್ಲಿ ಇರುವುದಿಲ್ಲ?"

"ಬರ್ತಾನೆ, ಹೋಗ್ತಾನೆ. ಇರುವುದು ಅಂತ ಇಲ್ಲ. ಅಳಿಯನನ್ನು ಮನೆಯಲ್ಲಿ ಇಟ್ಟುಕೊಳ್ಳುವವರಲ್ಲ ನಾವು."

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು ನಿಮ್ಮ ಮಾತು" ಎಂದು ಕಾನ್‌ಸ್ಟೇಬಲ್ ನಕ್ಕ. "ನನಗೆ ಒಂದೇ ಹೇಳಿ. ವಾಸ ಉಂಟಾ, ಇಲ್ಲವಾ?"

ಅಲಿಯಬ್ಬನವರು ಒಂದು ಕ್ಷಣ ಯೋಚಿಸಿದರು. ಉಂಟು ಎಂದರೆ, ನಾಳೆ ಠಾಣೆಯಿಂದ ಪೇಟೆಗೆ, ಪೇಟೆಯಿಂದ ಮಸೀದಿಗೆ ಸುದ್ದಿ ಹೋಗುತ್ತದೆ; ಅಲಿಯಬ್ಬನ ಅಳಿಯ ಮಾವನ ಮನೆಯಲ್ಲಿ ಬೀಡುಬಿಟ್ಟಿದ್ದಾನೆ ಎಂದು. ಗೌರವದಿಂದ ಬರುವ ಹುಡುಗನಿಗೆ ಅಂಥ ಹೆಸರು ಬರಬಾರದು. ಮೇಲಾಗಿ ಅದು ಸತ್ಯವೂ ಅಲ್ಲ.

"ವಾಸ ಇಲ್ಲ" ಎಂದರು.

ಕಾನ್‌ಸ್ಟೇಬಲ್ ಬರೆದುಕೊಂಡ. ಓದಿ ಹೇಳಿದ. ಅಲಿಯಬ್ಬ ಕನ್ನಡಕ ಹಾಕಿ ತಾವೂ ಓದಿ, ಕೆಳಗೆ ಚಂದದ ಅಕ್ಷರದಲ್ಲಿ ಸಹಿ ಹಾಕಿದರು. ಮನೆಯ ಯಜಮಾನನೇ ಬರೆದು ಕೊಟ್ಟ ಮೇಲೆ ಅರ್ಜಿದಾರನನ್ನು ಠಾಣೆಗೆ ಕರೆಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಸಂಜೆ ಅಳಿಯ ಬಂದಾಗ, "ಪೊಲೀಸರು ಬಂದಿದ್ದರು. ಎಲ್ಲ ಸರಿಯಾಗಿ ಹೇಳಿ ಕಳಿಸಿದ್ದೇನೆ" ಎಂದರು.

"ದುಡ್ಡು ಕೇಳಿದರಾ?"

"ಇಲ್ಲ. ಒಳ್ಳೆಯ ಮನುಷ್ಯ. ಪಾನಕ ಕುಡಿದು ಹೋದ."

ಆ ದಿನ ಮತ್ತೆ ಕೋಳಿ ಆಯಿತು.

ಕಾಪು ಪೇಟೆಯಲ್ಲಿ ಡುಲ್ಸಿನ್ ಎಂಬ ಹೆಂಗಸು ನಡೆಸುವ ಸೈಬರ್ ಸೆಂಟರಿಗೆ ಗಂಡಹೆಂಡತಿ ಎರಡು ದಿನಕ್ಕೊಮ್ಮೆ ಹೋಗತೊಡಗಿದರು. ನಂಬರು ಹಾಕಿದರೆ ಪರದೆಯ ಮೇಲೆ ಒಂದು ಸಾಲು ಬರುತ್ತಿತ್ತು: ಪರಿಶೀಲನೆಯಲ್ಲಿದೆ. ಜನವರಿ ಮುಗಿಯುವಾಗಲೂ ಅದೇ. ಫೆಬ್ರವರಿಯಲ್ಲೂ ಅದೇ. ಡುಲ್ಸಿನ್ ಬೇಸತ್ತು, "ನೀವು ಬರುವುದು ಬೇಡ, ನಾನೇ ನೋಡಿ ಫೋನ್ ಮಾಡ್ತೇನೆ" ಎಂದಳು. ಅವಳಿಗೆ ಕೆನಡಾದಲ್ಲಿ ಆಲ್ಫೋನ್ಸ್ ಎಂಬ ಅಣ್ಣನಿದ್ದ. "ಅವನು ಅಲ್ಲಿ ಚಡ್ಡಿ ಹಾಕಿಕೊಂಡು ಮನೆಯಲ್ಲೇ ಕೂತು ಸರಕಾರಕ್ಕೆ ಟ್ಯಾಕ್ಸ್ ಕಟ್ತಾನೆ. ತಪ್ಪಿದ್ದರೆ ಅವರೇ ಎಲ್ಲಿ ತಪ್ಪಿದೆ ಅಂತ ಬರೆದು ಕಳಿಸ್ತಾರಂತೆ. ಇದು ನೋಡಿ, ಉಂಟು ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ."

ರಮೀಝ್ ಪರದೆಯನ್ನೇ ನೋಡುತ್ತಿದ್ದ. ಅವನ ರಜೆ ಮುಗಿದು ಒಂದು ತಿಂಗಳಾಗಿತ್ತು. ದುಬೈಯ ಧಣಿ ಫೋನಿನಲ್ಲಿ ಬೈದು, ಕಡೆಗೆ ಒಪ್ಪಿದ್ದ. ಆದರೆ ಧಣಿಯ ಮೇಲೆ ಇನ್ನೊಂದು ಕಟ್ಟಳೆ ಇತ್ತು. ವೀಸಾ ಇದ್ದವನು ಆ ದೇಶದಿಂದ ಆರು ತಿಂಗಳು ಹೊರಗೆ ಉಳಿದರೆ ವೀಸಾ ಸತ್ತ ಹಾಗೆ. ರಮೀಝ್ ವಿಮಾನ ಹತ್ತಿದ್ದು ಡಿಸೆಂಬರ್ ಹತ್ತಕ್ಕೆ.

"ಜೂನ್ ಒಂಬತ್ತು" ಎಂದ ಅವನು ದಾರಿಯಲ್ಲಿ.

"ಒಂದೆರಡು ದಿನ ಆಚೆಈಚೆ ಆದರೆ?" ಎಂದು ಉಮೈರಾ ಕೇಳಿದಳು.

"ಅಲ್ಲಿ ಆಚೆಈಚೆ ಇಲ್ಲ. ಅಂಥವರದ್ದು ನಾನೇ ಎಷ್ಟೋ ಟೈಪ್ ಮಾಡಿದ್ದೇನೆ. ತಾಯಿ ಸತ್ತದ್ದಕ್ಕೆ ಊರಿಗೆ ಹೋಗಿ ತಡವಾದವನದ್ದೂ ಮಾಡಿದ್ದೇನೆ."

ಅಡುಗೆಮನೆ ಎಲ್ಲಕ್ಕಿಂತ ಮೊದಲು ಸುದ್ದಿ ತಿಳಿದುಕೊಳ್ಳುತ್ತದೆ. ಕೋಳಿ ಹೋಗಿ ಬಂಗುಡೆ ಮೀನು ಬಂತು, ಬಂಗುಡೆ ಹೋಗಿ ಅದಕ್ಕಿಂತ ಅಗ್ಗದ ಬೂತಾಯಿ ಬಂತು. ಮಾರ್ಚ್ ಹೊತ್ತಿಗೆ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಅಲಿಯಬ್ಬ ವ್ಯಾಪಾರ ಬಿಟ್ಟ ಮೇಲೆ ಬಾಡಿಗೆಗೆ ಕೊಟ್ಟ ಅಂಗಡಿ ಕೋಣೆಯಿಂದ ಬರುವುದು ಮೂವರಿಗೆ ಸಾಕಾಗುತ್ತಿತ್ತು. ದುಬೈಯಿಂದ ಬರುವ ಹಣ ನಿಂತು, ಉಣ್ಣುವ ಬಾಯಿ ಒಂದು ಹೆಚ್ಚಾಗಿತ್ತು. ರಾಬಿಯಾ ಅಳಿಯನಿಗೆ ಗಂಜಿ ಬಡಿಸುವಾಗ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. "ನನಗೆ ಗಂಜಿಯೇ ಇಷ್ಟ ಮಾಮಿ" ಎಂದು ಅವನು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಆ ಗಂಜಿಯನ್ನೂ ಹೂವಿನ ಪಿಂಗಾಣಿ ತಟ್ಟೆಯಲ್ಲೇ ಹಾಕುತ್ತಿದ್ದರು.

ಮಾರ್ಚ್ ಹದಿನೇಳಕ್ಕೆ ಅಂಚೆಯಲ್ಲಿ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಉಮೈರಾ ಜಗಲಿಯಲ್ಲಿ ನಿಂತು ಓದಿದಳು, ಮತ್ತೊಮ್ಮೆ ಓದಿದಳು.

"ಎಂತ ಬರೆದಿದ್ದಾರೆ?" ಎಂದರು ಅಲಿಯಬ್ಬ.

"ಪೊಲೀಸ್ ವರದಿ ವಿರುದ್ಧ ಬಂದಿದೆಯಂತೆ. ಅರ್ಜಿದಾರ ಕೊಟ್ಟ ವಿಳಾಸದಲ್ಲಿ ವಾಸವಿಲ್ಲ ಅಂತ ಮನೆಯವರೇ ಹೇಳಿಕೆ ಕೊಟ್ಟಿದ್ದಾರೆ ಅಂತ." ಅವಳು ತಲೆಯೆತ್ತಿದಳು. "ಉಪ್ಪ, ಆ ದಿನ ಪೊಲೀಸರಿಗೆ ನೀವು ಎಂತ ಹೇಳಿದ್ದು?"

"ಇದ್ದದ್ದು ಹೇಳಿದ್ದು."

"ಇದ್ದದ್ದು ಎಂತ?"

"ಅವನ ಮನೆ ಅಜೆಕಾರು ಅಂತ. ಇಲ್ಲಿ ವಾಸ ಇಲ್ಲ ಅಂತ. ಸುಳ್ಳಾ ಅದು? ಹೋಗಿ ಯಾರನ್ನು ಬೇಕಾದರೂ ಕೇಳು. ಪುದಿಯಾಪ್ಲೆ ಹೆಂಡತಿಯ ಮನೆಯಲ್ಲಿ ವಾಸ ಮಾಡ್ತಾನಾ?"

"ಮತ್ತೆ ಎಲ್ಲಿ ವಾಸ ಮಾಡುವುದು? ಅಜೆಕಾರಿನಲ್ಲಿ ಅವರಿಗೆ ಒಂದು ಚಾಪೆ ಉಂಟಾ?"

"ನನ್ನ ಬಾಯಿಂದ ಮನೆಯಳಿಯ ಅಂತ ಬರುವುದಿಲ್ಲ. ಅವನ ಮರ್ಯಾದೆಗೆ ಹೇಳಿದ್ದು ನಾನು."

"ಮರ್ಯಾದೆ!" ಎಂದಳು ಉಮೈರಾ. "ನಾನು ಹೋಗುವುದು ನಿಮಗೆ ಬೇಡವಿತ್ತು. ಅದಕ್ಕೇ ಹೇಳಿದ್ದು. ಬೇಕಂತಲೇ ಹೇಳಿದ್ದು ನೀವು."

ರಾಬಿಯಾ ಒಳಗಿನಿಂದ ಓಡಿ ಬಂದು ಮಗಳ ಬಾಯಿಗೆ ಕೈ ಅಡ್ಡ ಹಿಡಿದರು. ಅಲಿಯಬ್ಬನವರ ಮುಖ ಬಿಳಚಿಕೊಂಡಿತು. "ಅಲ್ಲಾಹನ ಆಣೆ" ಎಂದರು. ರಮೀಝ್ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ಬಿಡು ಉಮೈರಾ. ಮಾವ ಸತ್ಯವೇ ಹೇಳಿದ್ದು. ಉತ್ತರ ಬರೆದು ದಾಖಲೆ ಕೊಟ್ಟರೆ ಆಯ್ತು."

ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಲಿಯಬ್ಬ ಮಾತ್ರ ಎರಡು ಸಲ, ಯಾರೂ ಕೇಳದಿದ್ದರೂ, "ಸುಳ್ಳು ಹೇಳಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ" ಎಂದರು. ತಪ್ಪಾಯಿತು ಎಂದು ಒಮ್ಮೆಯೂ ಹೇಳಲಿಲ್ಲ. ಮೂವತ್ತೆರಡು ವರ್ಷ ತಕ್ಕಡಿ ಹಿಡಿದ ಮನುಷ್ಯನಿಗೆ ಆ ಮಾತು ಅಭ್ಯಾಸವಿರಲಿಲ್ಲ.

ದಾಖಲೆ ಕೊಟ್ಟರೆ ಆಯ್ತು ಎಂದದ್ದು ಸುಲಭವಾಗಿತ್ತು. ದಾಖಲೆ ಎಲ್ಲಿದೆ? ಕಾಪುವಿನ ರೇಷನ್ ಕಾರ್ಡಿನಲ್ಲಿ ರಮೀಝನ ಹೆಸರಿಲ್ಲ. ಅಳಿಯನ ಹೆಸರನ್ನು ರೇಷನ್ ಅಕ್ಕಿಗೆ ಬರೆಸುವವರು ಆ ಮನೆತನದಲ್ಲಿ ಯಾರೂ ಇರಲಿಲ್ಲ. ಅಜೆಕಾರಿಗೆ ಹೋಗಿ ನೋಡಿದರೆ ಅಣ್ಣ, "ನೀನು ಹೆಂಡತಿ ಮನೆ ಸೇರಿದವನಲ್ಲ, ಹೊಸ ಕಾರ್ಡು ಮಾಡುವಾಗ ನಿನ್ನ ಹೆಸರು ತೆಗೆಸಿದೆ" ಎಂದ. ಮತದಾರರ ಪಟ್ಟಿಯಲ್ಲಿ ಎರಡೂ ಕಡೆ ಇಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಅಜೆಕಾರು. ಜಮಾತಿನ ಮದುವೆ ಕಾಗದ ಒಂದೇ ಇದ್ದದ್ದು, ಅದರಲ್ಲಿ ವಾಸದ ಮಾತೇ ಇಲ್ಲ. ದುಬೈಯ ಕಂಪ್ಯೂಟರಿಗೆ ಇವನ ಕಣ್ಣಿನ ಗುರುತು, ಸಂಬಳ, ಮಲಗುವ ಹಾಸಿಗೆಯ ವಿಳಾಸ ಎಲ್ಲ ಗೊತ್ತಿತ್ತು. ಹುಟ್ಟಿದ ಜಿಲ್ಲೆಯಲ್ಲಿ ಅವನು ಎಲ್ಲಿಯೂ ಇರಲಿಲ್ಲ.

ಪಂಚಾಯತಿನಲ್ಲಿ ವಾಸದ ಪತ್ರ ಕೇಳಿದರೆ ರೇಷನ್ ಕಾರ್ಡು ತನ್ನಿ ಎಂದರು. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಹೋದರೆ ವಾಸದ ಪತ್ರ ತನ್ನಿ ಎಂದರು. ರಮೀಝ್ ಉಡುಪಿಯ ಒಂದು ಕಚೇರಿಯ ಬೆಂಚಿನಲ್ಲಿ ಒಂಬತ್ತು ದಿನ ಕೂತ. ಮೊದಲನೆಯ ದಿನ ಅಲ್ಲಿಯ ಗುಮಾಸ್ತನಿಗೆ, ಅಲ್ಲಿ ದುಬೈಯಲ್ಲಿ ಹೇಗೆ ಟೋಕನ್ ಕೊಡುತ್ತಾರೆ, ಹೇಗೆ ಮೆಸೇಜ್ ಬರುತ್ತದೆ ಎಂದು ಉತ್ಸಾಹದಿಂದ ಹೇಳಿದ್ದ. ಅವನು ಕೇಳಿಸಿಕೊಂಡು, "ಹಾಗಾದರೆ ಅಲ್ಲೇ ಮಾಡಿಸಬೇಕಿತ್ತು ಮಾರಾಯ್ರೆ" ಎಂದ. ಮರುದಿನದಿಂದ ರಮೀಝ್ ಬಾಯಿ ಬಿಡಲಿಲ್ಲ.

ಕಡೆಗೆ ಕೂಸಪ್ಪನೇ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದ. ಛಾಪಾ ಕಾಗದದಲ್ಲಿ ಪ್ರಮಾಣಪತ್ರ ಬರೆಸಿ, ನೆರೆಯವನೆಂದು ತಾನೇ ಸಾಕ್ಷಿ ಹಾಕಿದ. ಎರಡನೇ ಸಹಿ ಮನೆಯ ಯಜಮಾನನದ್ದು ಬೇಕಿತ್ತು. ಅಲಿಯಬ್ಬನವರ ಮುಂದೆ ಕಾಗದ ಇಟ್ಟರು.

"ಮೊದಲು ಇಲ್ಲ ಅಂತ ಸಹಿ ಹಾಕಿದ್ದೇನೆ. ಈಗ ಉಂಟು ಅಂತ ಹಾಕಿದರೆ ಯಾವುದೋ ಒಂದು ಸುಳ್ಳು ಅಂತ ಆಗ್ತದೆ" ಎಂದರು ಅವರು.

"ಬ್ಯಾರಿಗಳೇ, ನಿಮ್ಮ ಸತ್ಯ ಸಾಕು" ಎಂದ ಕೂಸಪ್ಪ. "ಮಗಳ ಮುಖ ಒಮ್ಮೆ ನೋಡಿ."

ಅವರು ನೋಡಲಿಲ್ಲ. ಆದರೆ ಸಹಿ ಹಾಕಿದರು. ಆ ಸಹಿ ಮೊದಲಿನದರಷ್ಟು ಚಂದ ಬರಲಿಲ್ಲ.

ಏಪ್ರಿಲ್ ಹನ್ನೊಂದಕ್ಕೆ ಉತ್ತರ ಹೋಯಿತು. ಡುಲ್ಸಿನ್ ದಿನಾ ನೋಡುತ್ತಿದ್ದಳು. ಪರದೆಯ ಮೇಲೆ ಅದೇ ಸಾಲು. ಪೊಲೀಸರು ಇನ್ನೊಮ್ಮೆ ಬರಬೇಕಂತೆ, ಬರಲು ಮೇಲಿನಿಂದ ಕಾಗದ ಬರಬೇಕಂತೆ, ಕಾಗದ ಹೊರಟಿದೆಯಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಯಾರು ಎಂಬುದೇ ತಿಳಿಯಲಿಲ್ಲ.

ಮೇ ತಿಂಗಳಿನಲ್ಲಿ ರಮೀಝ್ ಒಂದು ಬೆಳಿಗ್ಗೆ ಬಾವಿಯ ಹಗ್ಗ ಹಿಡಿದ. ರಾಬಿಯಾ ಕಿರುಚಿಕೊಂಡರು. "ಬೇಡ, ಬೇಡ! ಯಾರಾದರೂ ನೋಡಿದರೆ!"

"ನೋಡಲಿ ಮಾಮಿ. ಕೂತು ಕೂತು ನನ್ನ ತಲೆ ಕೆಡ್ತಾ ಉಂಟು."

ನೀರು ಸೇದಿದ. ಮರುದಿನ ಮೀನು ತಂದ. ಆಮೇಲೆ ಒಂದು ದಿನ ತಾನು ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟ. ಅದನ್ನು ನೋಡಿದ ರಾಬಿಯಾ ಹಿತ್ತಲಿಗೆ ಹೋಗಿ ಅತ್ತರು. ಸಂಜೆ ಮಸೀದಿಯ ಕಟ್ಟೆಯಲ್ಲಿ ಯಾರೋ, "ಅಲಿಯಬ್ಬನವರೇ, ಮನೆಕೆಲಸಕ್ಕೆ ಅಳಿಯ ಸಿಕ್ಕಿದ್ದು ಒಳ್ಳೆಯದಾಯ್ತು ಅಲ್ವಾ?" ಎಂದರಂತೆ. ಅಲಿಯಬ್ಬ ನಮಾಝಿಗೆ ಆ ಮಸೀದಿಗೆ ಹೋಗುವುದನ್ನು ಬಿಟ್ಟು, ದೂರದ ಇನ್ನೊಂದಕ್ಕೆ ನಡೆಯತೊಡಗಿದರು.

ಗಂಡಹೆಂಡತಿಯ ನಡುವೆಯೂ ಮಾತು ಕಮ್ಮಿಯಾಯಿತು. ಒಟ್ಟಿಗೆ ಇರಲು ನಾಲ್ಕು ವರ್ಷ ಹಂಬಲಿಸಿದವರು ಈಗ ಹಗಲಿಡೀ ಒಟ್ಟಿಗೆ ಇದ್ದು ಮುಖ ತಪ್ಪಿಸುತ್ತಿದ್ದರು. "ಪಾಸ್‌ಪೋರ್ಟನ್ನು ಒಂದು ವರ್ಷ ಬಿಟ್ಟು ದುಬೈಯಲ್ಲೇ ಮಾಡಿಸಬಹುದಿತ್ತು" ಎಂದಳು ಉಮೈರಾ ಒಂದು ದಿನ.

"ನಿನಗೋಸ್ಕರ ಅಲ್ವಾ ಮಾಡಿದ್ದು?"

"ನಾನು ಕೇಳಿದ್ದಾ?"

ಕೇಳಿದ್ದಳು. ಪ್ರತಿ ಫೋನಿನಲ್ಲೂ ಕೇಳಿದ್ದಳು. ಇಬ್ಬರಿಗೂ ಅದು ಗೊತ್ತಿತ್ತು, ಅದಕ್ಕೇ ಆ ಮಾತು ಅಲ್ಲಿಗೇ ನಿಂತಿತು.

ಮೇ ಮೂವತ್ತಕ್ಕೆ ಪೊಲೀಸರು ಬಂದರು, ಬೇರೆಯವನು, ಅವಸರದವನು. ಎರಡು ನಿಮಿಷದಲ್ಲಿ ಬರೆದುಕೊಂಡು ಹೋದ. ಇನ್ನು ಹತ್ತು ದಿನ. ಹತ್ತು ದಿನಗಳಲ್ಲಿ ಆ ವರದಿ ಠಾಣೆಯಿಂದ ಉಡುಪಿಗೆ, ಉಡುಪಿಯಿಂದ ಬೆಂಗಳೂರಿಗೆ ಹೋಗಿ, ಪುಸ್ತಕ ಅಚ್ಚಾಗಿ ಕಾಪುವಿಗೆ ಬರಬೇಕು. ರಮೀಝ್ ದುಬೈಗೆ ಫೋನ್ ಮಾಡಿ ಜೊತೆಯ ಟೈಪಿಸ್ಟ್ ಸಿರಿಲನ ಹತ್ತಿರ ಮಾತಾಡಿದ. ಸಿರಿಲ್ ಶಿರ್ವದವನು, ಮಾತಿನಲ್ಲಿ ಧಾರಾಳಿ. "ಧಣಿಯನ್ನು ನಾನು ನೋಡಿಕೊಳ್ತೇನೆ. ನೀನು ವಿಮಾನ ಹತ್ತು ಸಾಕು" ಎಂದ.

ಜೂನ್ ಒಂಬತ್ತು ಶುಕ್ರವಾರ ಬಂತು. ರಮೀಝ್ ಬೆಳಿಗ್ಗೆ ಹನ್ನೊಂದಕ್ಕೆ ಡುಲ್ಸಿನ್‌ಳ ಸೆಂಟರಿನಲ್ಲಿ ಕೂತವನು ಸಂಜೆಯ ತನಕ ಏಳಲಿಲ್ಲ. ನಂಬರು ಹಾಕುವುದು, ನೋಡುವುದು, ಮತ್ತೆ ಹಾಕುವುದು. ಏಳುವಾಗ ದುಡ್ಡು ಕೊಡಲು ಹೋದರೆ ಡುಲ್ಸಿನ್ ತೆಗೆದುಕೊಳ್ಳಲಿಲ್ಲ. "ಹೋಗಿ ಎಂತಾದರೂ ತಿನ್ನಿ" ಎಂದಳು.

ಪಾಸ್‌ಪೋರ್ಟು ಜೂನ್ ಹತ್ತೊಂಬತ್ತಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಬಂತು. ಒಳಗೆ ಹೆಂಡತಿಯ ಹೆಸರಿತ್ತು, ಕಾಪುವಿನ ವಿಳಾಸವಿತ್ತು. ಹಳೆಯದನ್ನೂ ಮೂಲೆ ಕತ್ತರಿಸಿ ಜೊತೆಗೆ ಕಳಿಸಿದ್ದರು. ಅದರೊಳಗೆ ವೀಸಾ ಇನ್ನೂ ಹೊಳೆಯುತ್ತಿತ್ತು, ಸತ್ತು ಹತ್ತು ದಿನವಾಗಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಕೂಸಪ್ಪ ಹೇಳಲು ಹೋದವನು, ಉಮೈರಾಳ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಎರಡು ದಿನದ ಮೇಲೆ, ಮಧ್ಯಾಹ್ನ ಊಟಕ್ಕೆ ಮೊದಲು, ಸಿರಿಲನ ಫೋನ್ ಬಂತು. ರಮೀಝ್ ಜಗಲಿಯ ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಂಡ.

"ಹೊಸ ವೀಸಾ ಕೊಡಿ ಅಂತ ಧಣಿಯ ಹತ್ತಿರ ಕೇಳಿದೆ ಮಾರಾಯ" ಎಂದ ಸಿರಿಲ್. ಅವನ ಧ್ವನಿಯಲ್ಲಿ ಧಾರಾಳ ಇರಲಿಲ್ಲ. "ಇನ್ನು ಜನ ಬೇಡ ಅಂದರು. ಕಂಪನಿಯವರೆಲ್ಲ ಈಗ ಅವರವರ ಆಫೀಸಿನಲ್ಲೇ ಕೂತು ಅರ್ಜಿ ಹಾಕ್ತಾ ಇದ್ದಾರೆ. ನಮ್ಮಲ್ಲಿ ಗಿರಾಕಿಗಳೇ ಇಲ್ಲ. ನಿನ್ನ ಹೆಸರು ಪಟ್ಟಿಯಿಂದ ತೆಗೆ ಅಂತ ಇವತ್ತು ಬೆಳಿಗ್ಗೆ ಕಾಗದ ತಂದು ನನ್ನ ಮೇಜಿನಲ್ಲಿಟ್ಟರು."

"ಮಾಡಿದೆಯಾ?"

"ಬೇರೆ ಯಾರೋ ಮಾಡುವುದು ಬೇಡ ಅಂತ ನಾನೇ ಮಾಡಿದೆ. ನಾಲ್ಕು ನಿಮಿಷ ಆಯ್ತು. ಮೆಸೇಜ್ ನಿನ್ನ ಇಲ್ಲಿಯ ನಂಬರಿಗೇ ಬಂತು. ನೀನು ಕೊಟ್ಟು ಹೋದ ಆ ಸಿಮ್ಮು ನನ್ನ ಹತ್ತಿರವೇ ಉಂಟಲ್ಲ."

ಅಲಿಯಬ್ಬ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿತೋ, ಎಷ್ಟು ಅರ್ಥವಾಯಿತೋ. ಅಳಿಯ ಫೋನ್ ಇಟ್ಟದ್ದೇ ಒಳಗೆ ಹೋಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಟೋಪಿ ಇಟ್ಟುಕೊಂಡು ಬಂದರು.

"ಅಲ್ಲಿ ಇದಕ್ಕೆಲ್ಲ ಮೇಲಿನವರು ಯಾರು?" ಎಂದು ಕೇಳಿದರು. "ಹೆಸರು ಹೇಳು. ಇಲ್ಲಿ ಗಲ್ಫಿನವರು ಎಷ್ಟೋ ಜನ ನನಗೆ ಗೊತ್ತುಂಟು. ಬೇಕಾದರೆ ಅಂಗಡಿ ಕೋಣೆ ಮಾರಿ ಟಿಕೆಟ್ ಮಾಡ್ತೇನೆ, ನಾನೇ ಹೋಗ್ತೇನೆ. ಆ ಸಾಹೇಬರ ಎದುರು ನಿಂತು, ಹುಡುಗನದ್ದು ತಪ್ಪಿಲ್ಲ, ತಪ್ಪು ನನ್ನದು, ನಾನೇ ಪೊಲೀಸರಿಗೆ ಹಾಗೆ ಹೇಳಿದ್ದು ಅಂತ ಹೇಳ್ತೇನೆ. ಬೇಕಾದರೆ ಕಾಲು ಹಿಡಿತೇನೆ."

ರಮೀಝನ ಕಣ್ಣು ತುಂಬಿತು. "ಅಲ್ಲಿ ಯಾರೂ ಇಲ್ಲ ಮಾವ" ಎಂದ.

"ಯಾರಾದರೂ ಒಬ್ಬರು ಇರ್ತಾರಲ್ಲ?"

"ಇಲ್ಲ. ಏಳು ವರ್ಷ ಅದೇ ಕೆಲಸ ಮಾಡಿದ್ದೇನೆ. ಒಬ್ಬನ ಮುಖವನ್ನೂ ನಾನು ನೋಡಲಿಲ್ಲ. ನಂಬರು ಹಾಕಿದರೆ ಉತ್ತರ ಬರ್ತದೆ, ಅಷ್ಟೇ. ಹೇಳಿಕೊಳ್ಳಲಿಕ್ಕೆ ಜಾಗ ಇಲ್ಲ ಅಲ್ಲಿ."

ಅಲಿಯಬ್ಬ ಅಂಗಿಯ ಗುಂಡಿ ಹಾಕುತ್ತಿದ್ದವರು ನಿಲ್ಲಿಸಿದರು. ಜಗಲಿಯ ಮೆಟ್ಟಿಲಿನ ಮೇಲೆ ನಿಧಾನವಾಗಿ ಕೂತರು. "ಹಾಗಾದರೆ ನಾನು ಯಾರ ಹತ್ತಿರ ಹೇಳುವುದು ಮಾರಾಯ?" ಎಂದರು. "ತಪ್ಪಾಯ್ತು ಅಂತ ಯಾರ ಹತ್ತಿರ ಹೇಳುವುದು?"

ಉಮೈರಾ ಗಂಜಿಯ ಪಾತ್ರೆ ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದಳು. ಪಾತ್ರೆಯನ್ನು ಕೆಳಗಿಟ್ಟು ಬಾಗಿಲಿನ ತನಕ ಬಂದಳು.

"ನನ್ನ ಹತ್ತಿರ ಹೇಳಿ ಉಪ್ಪ" ಎಂದಳು. "ನಾನು ಇಲ್ಲೇ ಇದ್ದೇನಲ್ಲ."

ಅಲಿಯಬ್ಬ ತಿರುಗಿ ಮಗಳನ್ನು ನೋಡಿದರು. ತುಟಿ ಅಲುಗಿತು. ರಾಬಿಯಾ ಒಳಗಿನಿಂದ, ರಮೀಝ್ ಕಂಬದ ಹತ್ತಿರದಿಂದ, ಇಬ್ಬರೂ ಕಾದರು. ಅಲಿಯಬ್ಬ ಕೈಯೂರಿ ಮೆಟ್ಟಿಲಿನಿಂದ ಎದ್ದರು, ಚಪ್ಪಲಿಗೆ ಕಾಲು ಹಾಕಿದರು, ಗೇಟು ತೆಗೆದು ದೂರದ ಮಸೀದಿಯ ದಾರಿ ಹಿಡಿದು ನಡೆದರು. ಮಧ್ಯಾಹ್ನದ ನಮಾಝಿನ ಬಾಂಗ್ ಆಗಲು ಇನ್ನೂ ಮುಕ್ಕಾಲು ಗಂಟೆ ಇತ್ತು.